ಎಐ ತಪ್ಪು ಮಾಡಿದರೆ ದಂಡ ಕಟ್ಟೋರು ಯಾರು?

ನನ್ನ ಚಿಕ್ಕಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಾವು ಬದುಕಿದ್ದೀವಿ ಅಂತ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಟ್ಟರೆ ಮಾತ್ರ ಅವರ ಪಿಂಚಣಿ ಮುಂದುವರಿಯುತ್ತದೆ. ಮೊಬೈಲ್‌ಗೆ ಮುಖ ತೋರಿಸಿ ಇದನ್ನು ಕೊಡುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2021ರಲ್ಲೇ ತಂದಿದೆ. ಫೋನ್ ಎದುರು ಕಣ್ಣು ಮಿಟುಕಿಸಿದರೆ ಕೆಲಸ ಮುಗೀತು. ಚಿಕ್ಕಪ್ಪ ಮಾತ್ರ ಕೆ.ಆರ್. ಪುರದ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. "ಅದು ನನ್ನ ಮುಖ ಗುರುತು ಹಿಡೀಲಿಲ್ಲ ಅಂದ್ರೆ ಯಾರ ಹತ್ರ ಜಗಳ ಆಡ್ಲಿ? ಬ್ಯಾಂಕಲ್ಲಾದ್ರೆ ಮೇಡಂ ಇರ್ತಾರೆ" ಅನ್ನೋದು ಅವರ ವಾದ.

ನನ್ನ ತಂಗಿ ದಿನಾ ನೇರಳೆ ಮಾರ್ಗದ ಮೆಟ್ರೋ ಹತ್ತಿ ಇಂದಿರಾನಗರದ ಸ್ಟಾರ್ಟಪ್ ಒಂದಕ್ಕೆ ಹೋಗ್ತಾಳೆ. ಕೋಡ್ ಬರೆಯೋಕೆ, ಮೇಲ್ ತಿದ್ದೋಕೆ, ತಲೆನೋವಿಗೆ ಕಾರಣ ಹುಡುಕೋಕೆ, ಎಲ್ಲಕ್ಕೂ ಅವಳಿಗೆ ಚಾಟ್‌ಬಾಟ್ ಬೇಕು. "ಚಿಕ್ಕಪ್ಪನ ಸ್ವಭಾವಾನೇ ಹಾಗೆ, ಹೊಸದು ಅಂದ್ರೆ ಆಗಲ್ಲ" ಅಂತ ಅವಳ ತೀರ್ಪು. ನಾನೂ ಬಹಳ ದಿನ ಹಾಗೇ ಅಂದ್ಕೊಂಡಿದ್ದೆ.

ಸ್ವಭಾವದ ಮಾತು ಪೂರ್ತಿ ಸುಳ್ಳಲ್ಲ. ಹೊಸತಿಗೆ ತೆರೆದುಕೊಳ್ಳುವ ಗುಣ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಜನ ತಂತ್ರಜ್ಞಾನವನ್ನು ಯಾಕೆ ಒಪ್ಪುತ್ತಾರೆ ಅಂತ 1989ರಲ್ಲಿ ಫ್ರೆಡ್ ಡೇವಿಸ್ ರೂಪಿಸಿದ ಮಾದರಿ ಮುಖ್ಯವಾಗಿ ಎರಡು ಪ್ರಶ್ನೆ ಕೇಳಿತ್ತು: ಇದರಿಂದ ನನಗೆ ಉಪಯೋಗ ಇದೆಯಾ? ಬಳಸೋದು ಸುಲಭವಾ? 2003ರಲ್ಲಿ ವಿಶ್ವನಾಥ್ ವೆಂಕಟೇಶ್ ಮತ್ತು ಸಂಗಡಿಗರು ಸುತ್ತಲಿನವರ ಪ್ರಭಾವ, ಕೈಗೆ ಸಿಗುವ ನೆರವು ಇವನ್ನೂ ಸೇರಿಸಿದರು. ವಯಸ್ಸು, ಲಿಂಗ, ಅನುಭವಕ್ಕೆ ತಕ್ಕಂತೆ ಇವುಗಳ ತೂಕ ಬದಲಾಗುತ್ತದೆ ಅಂದರು.

ಆದರೆ "ತಿಳಿವಳಿಕೆ ಇಲ್ಲದವರು ಎಐಗೆ ಹೆದರ್ತಾರೆ, ತಿಳಿದವರು ಅಪ್ಪಿಕೊಳ್ತಾರೆ" ಅನ್ನೋ ನಮ್ಮ ನಂಬಿಕೆ ಇದೆಯಲ್ಲ, ಅದು ಅಷ್ಟು ಗಟ್ಟಿಯಲ್ಲ. ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡದ್ದು ಇದಕ್ಕೆ ಉಲ್ಟಾ. ಎಐ ಬಗ್ಗೆ ಕಡಿಮೆ ತಿಳಿದವರೇ ಅದನ್ನು ಬಳಸಲು ಹೆಚ್ಚು ಉತ್ಸುಕರು, ಯಾಕಂದ್ರೆ ಅವರಿಗೆ ಅದು ಮಾಯೆಯಂತೆ ಕಾಣುತ್ತದೆ. ಹಾಗಾಗಿ ಹಿಂಜರಿಯುವವರನ್ನೆಲ್ಲ ದಡ್ಡರ ಲೆಕ್ಕಕ್ಕೆ ಹಾಕುವಂತಿಲ್ಲ.

ಶಿವಾಜಿನಗರದ ರಸೆಲ್ ಮಾರುಕಟ್ಟೆ ಹತ್ತಿರ ನಮ್ಮ ಮನೆಯವರ ಬಟ್ಟೆ ಹೊಲಿಯುವ ಆಪಾ ಒಬ್ಬರಿದ್ದಾರೆ. ಮನೆಯಲ್ಲಿ ಇರೋದು ಒಂದೇ ಫೋನು, ಅದೂ ಮಗನ ಜೇಬಲ್ಲಿ. ಅವರು ಆಡೋದು ದಖ್ಖನಿ. ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾದದ್ದು ಭಾರತೀಯ ಭಾಷೆಗಳಿಗಾಗಿಯೇ, ನಿಜ. ಆದರೆ ಎಂಟನೇ ಪರಿಚ್ಛೇದದಲ್ಲಿ ಇರೋದು ಉರ್ದು, ದಖ್ಖನಿಗೆ ಪ್ರತ್ಯೇಕ ಜಾಗ ಇಲ್ಲ. ಎಐ ಬಳಸದ ಆಪಾ ಅವರದ್ದು "ವೈಯಕ್ತಿಕ ಆಯ್ಕೆ" ಅನ್ನೋಕಾಗುತ್ತಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಗಂಡಸರು ಶೇ. 57, ಹೆಂಗಸರು ಶೇ. 33. ವ್ಯಕ್ತಿಗಳ ನಡುವಿನ ವ್ಯತ್ಯಾಸ ಅಂತ ನಾವು ಕರೆಯೋದು ಎಷ್ಟೋ ಸಲ ಫೋನ್ ಯಾರ ಕೈಲಿದೆ ಅನ್ನೋದರಿಂದಲೇ ಶುರುವಾಗುತ್ತದೆ.

ಇನ್ನು ಹಲಸೂರು ಮೆಟ್ರೋ ನಿಲ್ದಾಣದ ಕೆಳಗೆ ಬೈಕ್ ನಿಲ್ಲಿಸಿಕೊಂಡು ಆರ್ಡರ್‌ಗೆ ಕಾಯೋ ಹುಡುಗರನ್ನು ನೋಡಿ. ಯಾವ ಆರ್ಡರ್ ಯಾರಿಗೆ, ಎಷ್ಟು ದುಡ್ಡು ಅನ್ನೋದನ್ನ ತೀರ್ಮಾನಿಸೋದು ಆ್ಯಪ್ ಹಿಂದಿನ ಅಲ್ಗಾರಿದಮ್. ಅದನ್ನು ಒಪ್ತೀರಾ ಅಂತ ಅವರನ್ನು ಯಾರೂ ಕೇಳಿಲ್ಲ. ಒಲ್ಲೆ ಅಂದ್ರೆ ಆವತ್ತಿನ ದುಡಿಮೆ ಇಲ್ಲ. ತಂಗಿಯ ಚಾಟ್‌ಬಾಟ್ ತಪ್ಪು ಕೋಡ್ ಕೊಟ್ಟರೆ ಅವಳು ಅಳಿಸಿ ಮತ್ತೆ ಕೇಳ್ತಾಳೆ, ಹೋಗೋದು ಹತ್ತು ನಿಮಿಷ. ಅಲ್ಗಾರಿದಮ್ ತಪ್ಪಿದರೆ ಈ ಹುಡುಗನ ಐಡಿ ಬ್ಲಾಕ್ ಆಗುತ್ತದೆ. ಚಿಕ್ಕಪ್ಪನಿಗೆ ಪಿಂಚಣಿ ನಿಲ್ಲುತ್ತದೆ. ತಂಗಿಯ ಧೈರ್ಯ, ಚಿಕ್ಕಪ್ಪನ ಅಳುಕು, ಎರಡರ ಹಿಂದೆಯೂ ಈ ಲೆಕ್ಕ ಇದೆ.

ಚಿಕ್ಕಪ್ಪ ಈ ಲೆಕ್ಕ ಕಲಿತದ್ದು ಇವತ್ತಲ್ಲ. ಐಟಿಐ ಶುರುವಾದದ್ದು 1948ರಲ್ಲಿ. ಸ್ಟ್ರೌಜರ್, ಕ್ರಾಸ್‌ಬಾರ್ ಎಕ್ಸ್‌ಚೇಂಜ್‌ಗಳ ಕಾಲದಲ್ಲಿ ಅಲ್ಲಿ ಸಾವಿರಾರು ಕೈಗಳಿಗೆ ಕೆಲಸವಿತ್ತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದ ಮೇಲೆ ಅಷ್ಟು ಕೈ ಬೇಕಾಗಲಿಲ್ಲ. ಯಂತ್ರ ಕೆಟ್ಟದ್ದು ಅಂತ ಅವರು ಯಾವತ್ತೂ ಹೇಳಿಲ್ಲ. ಲಾಭ ಯಾರಿಗೆ, ನಷ್ಟ ಯಾರಿಗೆ ಅಂತ ಮೊದಲು ಕೇಳ್ತಾರೆ, ಅಷ್ಟೇ.

ಹಾಗಾದರೆ ಜನರ ನಂಬಿಕೆ ಗಳಿಸೋದು ಹೇಗೆ? ಬರ್ಕ್ಲಿ ಡೀಟ್‌ವೋರ್ಸ್ಟ್ ಮತ್ತು ಸಂಗಡಿಗರ ಪ್ರಯೋಗಗಳಲ್ಲಿ ಒಂದು ಸುಳಿವಿದೆ. ಅಲ್ಗಾರಿದಮ್ ತಪ್ಪುವುದನ್ನು ಕಣ್ಣಾರೆ ಕಂಡವರು ಅದನ್ನು ಬೇಗ ಕೈಬಿಡುತ್ತಾರೆ. ಅದರ ಉತ್ತರವನ್ನು ಸ್ವಲ್ಪವಾದರೂ ತಿದ್ದಲು ಬಿಟ್ಟರೆ, ತಪ್ಪಾಗಬಹುದು ಅಂತ ಗೊತ್ತಿದ್ದೂ ಬಳಸುತ್ತಾರೆ. ಜನ ಕೇಳೋದು ತಿದ್ದುವ ಹಕ್ಕು, ಜಗಳ ಆಡಲು ಒಂದು ಜಾಗ.

ಈ ದೃಷ್ಟಿಯಿಂದ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಸ್ವಯಂಚಾಲಿತ ನಿಗಾ ಮತ್ತು ನಿರ್ಧಾರ ವ್ಯವಸ್ಥೆಗಳ ಬಗ್ಗೆ ಕಂಪನಿಗಳು ಕಾರ್ಮಿಕರಿಗೆ ತಿಳಿಸಬೇಕು, ಕೆಲಸದಿಂದ ತೆಗೆಯುವಾಗ ಲಿಖಿತ ಕಾರಣ ಕೊಡಬೇಕು ಅಂತ ಅದು ಹೇಳುತ್ತದೆ. ಇದೇ ನಿಯಮ ಪಿಂಚಣಿಗೆ, ಪಡಿತರಕ್ಕೆ, ಸಾಲದ ಅರ್ಜಿಗೆ ಯಾಕೆ ಬೇಡ? ಯಂತ್ರ ಇಲ್ಲ ಅಂದಾಗ ಕಾರಣ ಕನ್ನಡದಲ್ಲಿ ಸಿಗಬೇಕು, ಮರುಪರಿಶೀಲಿಸಲು ಒಬ್ಬ ಮನುಷ್ಯ ಇರಬೇಕು. ಎಐ ಸಾಕ್ಷರತೆ ಶಿಬಿರ ಮಾಡಿ, ಬೇಡ ಅನ್ನಲ್ಲ. ಈ ಖಾತ್ರಿ ಇಲ್ಲದ ಶಿಬಿರ ಬರೀ ಪ್ರಚಾರ.

ಕೊನೆಗೂ ಈ ಸಲ ಚಿಕ್ಕಪ್ಪನನ್ನು ಒಪ್ಪಿಸಿದೆ. "ಫೋನಲ್ಲಿ ಆಗ್ಲಿಲ್ಲ ಅಂದ್ರೆ ನಾನೇ ಜೊತೆಗೆ ಬರ್ತೀನಿ" ಅಂದೆ. ಮೊದಲ ಸಲಕ್ಕೇ ಆಯಿತು. ಆದರೂ ಮರುದಿನ ಬ್ಯಾಂಕಿಗೆ ಹೋಗಿ, ಕೌಂಟರ್‌ನ ಮೇಡಂ ಕಂಪ್ಯೂಟರ್ ನೋಡಿ "ಬಂದಿದೆ ಸಾರ್" ಅಂದ ಮೇಲೇ ಅವರಿಗೆ ಸಮಾಧಾನ. ಮುಂದಿನ ವರ್ಷವೂ ಫೋನಲ್ಲೇ ಮಾಡ್ತಾರಂತೆ, ಆ ಕೌಂಟರ್ ಇರೋವರೆಗೂ.