ತಾರಾಬಾಯಿ ಕೇಳಿದ ಲೆಕ್ಕ

1881ರಲ್ಲಿ ಸೂರತ್‌ನ ನ್ಯಾಯಾಲಯ ವಿಜಯಲಕ್ಷ್ಮಿ ಎಂಬ ಬ್ರಾಹ್ಮಣ ವಿಧವೆಗೆ ಗಲ್ಲುಶಿಕ್ಷೆ ವಿಧಿಸಿತು. ಲೋಕಾಪವಾದಕ್ಕೆ ಹೆದರಿ ಹಸುಗೂಸನ್ನು ಕೊಂದಳೆಂಬ ಆರೋಪ. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು. ಪತ್ರಿಕೆಗಳಲ್ಲಿ ಹೆಣ್ಣುಕುಲದ ಮೇಲಿನ ಬೈಗುಳ ಇಳಿಯಲಿಲ್ಲ.

ಬುಲ್ಢಾಣದ ತಾರಾಬಾಯಿ ಶಿಂದೆ ಸುಮ್ಮನಿರಲಿಲ್ಲ. 1882ರಲ್ಲಿ ಅವರ ‘ಸ್ತ್ರೀ ಪುರುಷ ತುಲನಾ’ ಎಂಬ ಮರಾಠಿ ಪುಸ್ತಿಕೆ ಪುಣೆಯಲ್ಲಿ ಅಚ್ಚಾಯಿತು: 500 ಪ್ರತಿ, ಬೆಲೆ ಒಂಬತ್ತಾಣೆ. ಹೆಂಗಸರ ತಲೆಗೆ ಕಟ್ಟುವ ಒಂದೊಂದು ದುರ್ಗುಣವನ್ನೂ ಎತ್ತಿಕೊಂಡು, ಗಂಡಸರಲ್ಲಿ ಇದಿಲ್ಲವೇ ಎಂದು ಜಾಡಿಸಿದರು. ಹೆಂಡತಿ ಸತ್ತವನಿಗೆ ಮರುಮದುವೆ, ಗಂಡ ಸತ್ತವಳಿಗೆ ಬೋಳುತಲೆ ಏಕೆ? ಶಾಸ್ತ್ರಗಳನ್ನೂ ಬಿಡಲಿಲ್ಲ. ಸುಧಾರಕರು ಹೆಚ್ಚಾಗಿ ಕನಿಕರ ತೋರುತ್ತಿದ್ದ ಕಾಲದಲ್ಲಿ (ಅದೂ ಮೇಲಿನಿಂದಲೇ!) ಈಕೆ ಕೇಳಿದ್ದು ಸಮಪಾಲು.

ಜಾತಿಯ ಮೇಲುಕೀಳನ್ನು ವಿರೋಧಿಸುತ್ತಿದ್ದ, ತಾರಾಬಾಯಿಯೂ ಇದ್ದ ಸತ್ಯಶೋಧಕ ಬಳಗದೊಳಗೇ ಮೂಗು ಮುರಿದವರಿದ್ದರು. ಆ ಬಳಗವನ್ನು ಕಟ್ಟಿದ ಜೋತಿಬಾ ಫುಲೆ ಮಾತ್ರ ಆಕೆಯ ಪರ ಬರೆದರು. ಆದರೂ ತಾರಾಬಾಯಿಯ ಎರಡನೆಯ ಪುಸ್ತಕ ಬರಲಿಲ್ಲ. 1975ರಲ್ಲಿ ಮರಾಠಿ ವಿದ್ವಾಂಸ ಸ. ಗಂ. ಮಾಲಶೆ ಮರುಮುದ್ರಿಸುವವರೆಗೆ ಮೊದಲನೆಯದನ್ನೂ ಓದುಗರು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು.