ರೈಲ್ವೆಯ ನಷ್ಟದ ಲೆಕ್ಕದಲ್ಲಿ ಬಡವನ ಜಾಗ ಎಲ್ಲಿದೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು- ಹಾವೇರಿ ಜಿಲ್ಲೆಯ ಈ ನಾಲ್ಕು ಪಟ್ಟಣಗಳಿಗೂ ಒಂದೇ ಹಣೆಬರಹ. ಯಾವ ಪಟ್ಟಣದೊಳಗೂ ರೈಲು ಬರುವುದಿಲ್ಲ. ಹುಬ್ಬಳ್ಳಿ-ಬೆಂಗಳೂರು ಹಳಿಯು ಸವಣೂರು ತಾಲೂಕಿನ ಯಲವಿಗಿಯನ್ನು ಮುಟ್ಟಿಕೊಂಡು ಹೋಗುತ್ತದೆ, ಅಷ್ಟೇ. ಉಳಿದವರು ಹಾವೇರಿಗೋ ರಾಣೆಬೆನ್ನೂರಿಗೋ ಹುಬ್ಬಳ್ಳಿಗೋ ಬಸ್ಸಿನಲ್ಲಿ ಹೋಗಿ ರೈಲು ಹತ್ತಬೇಕು. ಇಷ್ಟು ಕಷ್ಟಪಟ್ಟಾದರೂ ಗೌಂಡಿ ಕೆಲಸದವರು, ಹಮಾಲರು, ಆಸ್ಪತ್ರೆಗೆ ಹೋಗುವ ಬಡ ಕುಟುಂಬಗಳು ರೈಲನ್ನು ಏಕೆ ಆಶ್ರಯಿಸುತ್ತಿದ್ದವು? ಏಕೆಂದರೆ ಪ್ಯಾಸೆಂಜರ್ ರೈಲಿನ ದರ ಅವರ ಕೈಗೆಟಕುತ್ತಿತ್ತು. ಆ ರೈಲೇ ಇಂದು ಅನಿಶ್ಚಿತತೆಯಲ್ಲಿದೆ.

2020ರ ಮಾರ್ಚ್‌ನಲ್ಲಿ ಕೊರೋನಾದ ಕಾರಣಕ್ಕೆ ರೈಲುಗಳು ನಿಂತವು. ಅದೇ ಜೂನ್‌ನಲ್ಲಿ, ದೇಶ ರೋಗದ ಭಯದಲ್ಲಿದ್ದಾಗ, 200 ಕಿ.ಮೀ.ಗಿಂತ ದೂರ ಓಡುವ ಪ್ಯಾಸೆಂಜರ್ ರೈಲುಗಳನ್ನು ಎಕ್ಸ್‌ಪ್ರೆಸ್ ಆಗಿಸುವ ಕ್ರಮವನ್ನು ರೈಲ್ವೆ ಮಂಡಳಿ ಕೈಗೆತ್ತಿಕೊಂಡಿತು. ರೈಲುಗಳು ಮತ್ತೆ ಹಳಿಗಿಳಿದಾಗ ಕನಿಷ್ಠ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತ್ತು. ಸಾಮಾನ್ಯ ಪ್ಯಾಸೆಂಜರ್‌ಗಳಿಗೆ ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ. ಎಕ್ಸ್‌ಪ್ರೆಸ್ ಎಂಬ ಬಿರುದು ಪಡೆದ ದೂರದ ರೈಲುಗಳಿಗೆ ಆ ಭಾಗ್ಯವೂ ಇಲ್ಲ. ಹಿರಿಯ ನಾಗರಿಕರ ಪಾಡು ಇನ್ನೂ ಶೋಚನೀಯ. 60 ದಾಟಿದ ಪುರುಷರಿಗೆ ಶೇ. 40, 58 ದಾಟಿದ ಮಹಿಳೆಯರಿಗೆ ಶೇ. 50 ರಿಯಾಯಿತಿಯಿತ್ತು. 2020ರ ಮಾರ್ಚ್‌ನಲ್ಲಿ ಕಿತ್ತುಕೊಂಡದ್ದನ್ನು ಸರಕಾರ ಹಿಂದಿರುಗಿಸಿಲ್ಲ. ರೋಗ ಹೋಯಿತು, ರೋಗದ ನೆಪದಲ್ಲಿ ಬಂದ ಹೊರೆ ಮಾತ್ರ ಉಳಿಯಿತು.

ಇದಕ್ಕೆ ಸರಕಾರದ ಬಳಿ ಸಿದ್ಧ ಉತ್ತರವಿದೆ: ನಷ್ಟ. 2022-23ರಲ್ಲಿ ಪ್ರಯಾಣಿಕರಿಗೆ 56,993 ಕೋಟಿ ರೂಪಾಯಿ ಸಬ್ಸಿಡಿ ಕೊಟ್ಟಿದ್ದೇವೆ, ಪ್ರತಿ ಟಿಕೆಟ್‌ನಲ್ಲಿ ಸರಾಸರಿ ಶೇ. 46ರಷ್ಟನ್ನು ನಾವೇ ಭರಿಸುತ್ತೇವೆ ಎಂಬುದು ಅದರ ವಾದ. ಈ ಲೆಕ್ಕವನ್ನು ಒಪ್ಪೋಣ. ಆದರೆ ಶಿಗ್ಗಾಂವಿಯ ಮಗ್ಗುಲಲ್ಲೇ ಹಾದುಹೋಗುವ ಷಟ್ಪಥ ಹೆದ್ದಾರಿಯ ಸೇತುವೆಗಳಿಗೆ ವೆಚ್ಚವಾದ ಹಣವನ್ನು ಯಾರಾದರೂ ಸಬ್ಸಿಡಿ ಎಂದು ಕರೆದದ್ದುಂಟೇ? ಕಾರಿನವನ ರಸ್ತೆ ಅಭಿವೃದ್ಧಿ, ಕೂಲಿಯವನ ರೈಲು ನಷ್ಟ! ಇದು ಯಾವ ಅರ್ಥಶಾಸ್ತ್ರ? ಹಿರೇಕೆರೂರಿನ ಕಾರ್ಮಿಕ ಗೋವಾದಲ್ಲಿ ಕಟ್ಟಿದ ಮನೆ, ಸವಣೂರಿನ ವೀಳ್ಯದೆಲೆ ದೂರದ ಪೇಟೆಯಲ್ಲಿ ತಂದ ಆದಾಯ, ಹಾನಗಲ್ಲಿನ ವಿದ್ಯಾರ್ಥಿ ಹುಬ್ಬಳ್ಳಿಯಲ್ಲಿ ಪಡೆದ ಪದವಿ- ಇವು ರೈಲ್ವೆಯ ಜಮಾ ಪುಸ್ತಕದಲ್ಲಿ ಕಾಣುವುದಿಲ್ಲ. ಆದರೆ ದೇಶದ ಜಮಾ ಪುಸ್ತಕದಲ್ಲಿ ಅವು ಇದ್ದೇ ಇವೆ.

ಸರಕಾರದಿಂದ ಆಗದಿದ್ದರೆ ಖಾಸಗಿಯವರು ಓಡಿಸಲಿ ಎನ್ನುವವರಿದ್ದಾರೆ. ಆ ಪರೀಕ್ಷೆಯೂ ಮುಗಿದಿದೆ. 2020ರ ಜುಲೈಯಲ್ಲಿ 109 ಮಾರ್ಗಗಳಲ್ಲಿ 151 ಖಾಸಗಿ ರೈಲುಗಳಿಗಾಗಿ ಕೇಂದ್ರವು ಬಂಡವಾಳಗಾರರನ್ನು ಆಹ್ವಾನಿಸಿತು. ಅವರು ಉತ್ಸಾಹ ತೋರದೆ ಯೋಜನೆ ನೆಲಕಚ್ಚಿತು. ಮಹಾನಗರಗಳ ನಡುವೆಯೇ ಲಾಭ ಕಾಣದವರು ಯಲವಿಗಿಯಲ್ಲಿ ರೈಲು ನಿಲ್ಲಿಸುತ್ತಾರೆಯೇ?

ಮಹಿಳೆಯರಿಗೆ ಬಸ್ ಉಚಿತವಿರುವಾಗ ರೈಲೇಕೆ ಎಂದೂ ಕೇಳಲಾಗುತ್ತದೆ. 2023ರ ಜೂನ್‌ನಲ್ಲಿ ರಾಜ್ಯ ಸರಕಾರ ತಂದ ಶಕ್ತಿ ಯೋಜನೆ ಸ್ವಾಗತಾರ್ಹ. ಸಾರ್ವಜನಿಕ ಹಣದಿಂದ ಬಡವರ ಪ್ರಯಾಣವನ್ನು ಬೆಂಬಲಿಸಬಹುದೆಂದು ಅದು ತೋರಿಸಿಕೊಟ್ಟಿದೆ. ಆದರೆ ಕೂಲಿ ಅರಸಿ ಹೊರರಾಜ್ಯಕ್ಕೆ ಹೋಗುವ ಪುರುಷನಿಗೆ ಅದರಿಂದ ಏನೂ ಸಿಗದು. ಅದೇ ತಿಂಗಳಲ್ಲಿ ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್‌ನಲ್ಲಿ ಹವಾನಿಯಂತ್ರಿತ ಬೋಗಿಗಳಷ್ಟೇ ಇವೆ. ಅದು ಓಡಲಿ, ಆಕ್ಷೇಪವಿಲ್ಲ. ಆದರೆ ಅದರ ಹೊಳಪಿನಲ್ಲಿ ಪ್ಯಾಸೆಂಜರ್ ರೈಲು ಕಣ್ಮರೆಯಾಗಬಾರದು.

1924ರಿಂದ ಪ್ರತ್ಯೇಕವಾಗಿದ್ದ ರೈಲ್ವೆ ಬಜೆಟ್ 2017ರಲ್ಲಿ ಸಾಮಾನ್ಯ ಬಜೆಟ್‌ನಲ್ಲಿ ಲೀನವಾಯಿತು. ಸಣ್ಣ ಊರುಗಳ ಬೇಡಿಕೆಗೆ ಸಂಸತ್ತಿನಲ್ಲಿದ್ದ ಒಂದು ದಿನವೂ ಅದರೊಂದಿಗೆ ಹೋಯಿತು. ಆದ್ದರಿಂದ ಇನ್ನು ಕೇಳಬೇಕಾದವರು ಜನಪ್ರತಿನಿಧಿಗಳು. ಶಿಗ್ಗಾಂವಿ ಕ್ಷೇತ್ರ 2021ರಲ್ಲಿ ನಾಡಿಗೆ ಮುಖ್ಯಮಂತ್ರಿಯನ್ನೇ ಕೊಟ್ಟಿತು. ಬಸವರಾಜ ಬೊಮ್ಮಾಯಿಯವರು 2024ರಲ್ಲಿ ಹಾವೇರಿಯಿಂದ ಲೋಕಸಭೆಗೂ ಆಯ್ಕೆಯಾದರು. ಪ್ಯಾಸೆಂಜರ್ ದರ ಮತ್ತು ಹಿರಿಯರ ರಿಯಾಯಿತಿಯ ಬಗ್ಗೆ ಅವರು ದಿಲ್ಲಿಯಲ್ಲಿ ಧ್ವನಿಯೆತ್ತಬೇಕೆಂದು ಬಯಸುವುದು ಮತದಾರನ ಹಕ್ಕು.

ಆದರೆ ಆ ಹಕ್ಕನ್ನು ನಾವು ಚಲಾಯಿಸಿದ್ದೇವೆಯೇ? ಖಬರಸ್ತಾನದ ಕಾಂಪೌಂಡಿಗೆ, ಶಾದಿಮಹಲಿನ ಅನುದಾನಕ್ಕೆ ಮನವಿ ಹಿಡಿದು ಹೋಗುವ ನಮ್ಮ ಮುಖಂಡರು ರೈಲಿಗಾಗಿ ಎಷ್ಟು ಸಲ ಹೋಗಿದ್ದಾರೆ? ಜನರಲ್ ಬೋಗಿಯ ಬಾಗಿಲಲ್ಲಿ ನೇತಾಡುವವರಲ್ಲಿ ಹಿಂದೂ, ಮುಸ್ಲಿಮ್ ಎಂಬ ಭೇದವಿಲ್ಲ. ರೈತ ಸಂಘ, ಹಮಾಲರ ಸಂಘ, ವ್ಯಾಪಾರಿಗಳೊಂದಿಗೆ ಸೇರಿ ನಾಲ್ಕು ಪಟ್ಟಣಗಳಿಂದ ಒಂದೇ ಮನವಿ ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ತಲುಪಲಿ. ಕೇಳದವರ ನಿಲ್ದಾಣದಲ್ಲಿ ಯಾವ ರೈಲೂ ನಿಲ್ಲುವುದಿಲ್ಲ.