ಗುಳಿಬಿದ್ದ ಕೆನ್ನೆಗೆ ಕೊಬ್ಬಿನ ನಾಟಿ

ದೋಣಿಗಲ್ಲಿನ ತೋಟದ ಮನೆಯ ಭಕ್ತರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ದೀರ್ಘ ಕಾಯಿಲೆಯಿಂದ ಮಗಳ ಕೆನ್ನೆಗಳು ಗುಳಿಬಿದ್ದಿವೆಯಂತೆ. ಹೊಟ್ಟೆಯ ಕೊಬ್ಬನ್ನು ತೆಗೆದು ಮುಖಕ್ಕೆ ತುಂಬಿಸಬಹುದೇ ಎಂಬುದು ಅವರ ಪ್ರಶ್ನೆ. ಇದನ್ನು ಬರಿಯ ಶೋಕಿಯೆಂದು ತಳ್ಳಿಹಾಕುವುದು ನಮಗೆ ಸರಿಕಾಣದು.

ಈ ವಿದ್ಯೆ ಹೊಸತಲ್ಲ. 1893ರಲ್ಲಿ ಜರ್ಮನಿಯ ಶಸ್ತ್ರವೈದ್ಯ ನ್ಯೂಬರ್ ಎಂಬಾತನು ತೋಳಿನ ಕೊಬ್ಬಿನಿಂದ ರೋಗಿಯ ಮುಖದ ತಗ್ಗನ್ನು ತುಂಬಿದನು. ಇಂದು ಕೊಬ್ಬನ್ನು ಕೊಳವೆಯಿಂದ ಹೀರಿ, ಶೋಧಿಸಿ, ಸೂಕ್ಷ್ಮ ಹನಿಗಳಾಗಿ ಚರ್ಮದಡಿ ಇಡುತ್ತಾರೆ. ಗದ್ದೆಯ ನಾಟಿ ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು: ಸಸಿಗಳನ್ನು ಒಂದೆಡೆ ಗುಂಪಾಗಿ ನೆಟ್ಟರೆ ಸೊರಗುತ್ತವೆ, ಅಂತರವಿಟ್ಟು ನೆಟ್ಟರೆ ಬೇರು ಹಿಡಿಯುತ್ತವೆ. ಇಲ್ಲಿ ಸುತ್ತಲಿನ ರಕ್ತವೇ ನೀರು. ಆದರೂ ಒಂದು ಪಾಲು ಕೆಲವೇ ತಿಂಗಳಲ್ಲಿ ಕರಗಿಹೋಗುವುದು, ಮರುನಾಟಿ ಬೇಕಾದೀತು.

ಅಪಾಯವನ್ನು ಮುಚ್ಚಿಡಲಾಗದು. ಕೊಬ್ಬು ರಕ್ತನಾಳವನ್ನು ಹೊಕ್ಕರೆ ಕಣ್ಣು ಹೋಗಬಹುದು, ಪಾರ್ಶ್ವವಾಯುವೂ ಆಗಬಹುದು, ಅಪರೂಪವೆಂಬುದು ನಿಜ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಅಸುನೀಗಿದರು. ಹೆತ್ತವರಿಗೆ ತಿಳಿಸದೆಯೇ ಆಕೆ ಆಸ್ಪತ್ರೆಗೆ ಸೇರಿದ್ದರೆಂದು ಪತ್ರಿಕೆಗಳು ಬರೆದವು.

ಆದ್ದರಿಂದ ಕಾಯಿಲೆ ಪೂರ್ಣ ವಾಸಿಯಾಗಿ, ಮೈತೂಕ ನೆಲೆಗೊಳ್ಳುವವರೆಗೆ ತಡೆಯಿರಿ. ವೈದ್ಯರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದವರೇ, ಆಸ್ಪತ್ರೆಯಲ್ಲಿ ತುರ್ತುನಿಗಾ ಘಟಕವಿದೆಯೇ ಎಂದು ವಿಚಾರಿಸಿರಿ. ಮತ್ತೊಂದು ಮಾತು: ಪತ್ರದಲ್ಲಿ ವರಾನ್ವೇಷಣೆಯ ಪ್ರಸ್ತಾಪ ಎರಡು ಬಾರಿ ಬಂದಿದೆ, ಮಗಳ ಇಚ್ಛೆಯ ಪ್ರಸ್ತಾಪ ಒಮ್ಮೆಯೂ ಇಲ್ಲ. ಮೊದಲು ಆಕೆಯನ್ನು ಕೇಳಿ ನಮಗೆ ಬರೆಯಿರಿ.